ಒಂದು ಧ್ವನಿಮುದ್ರಿಕೆಯ ಪಾಠಾಂತರಗಳು



ಕಳೆದ ಎರಡು ತಿಂಗಳಿಂದ ಇಲ್ಲಿ ಏನನ್ನೂ ಬರೆಯಲಾಗಲಿಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಕೆಲವು ವಾರ ಓದುಬರೆಹ ಕೂಡದೆಂದು ವೈದ್ಯರ ಆಜ್ಞೆಯಾಗಿದ್ದಿತು. ಓದಲಾಗದವನಿಗೆ ಉಳಿದುದು ಕೇಳುವುದೊಂದೇ. ಆ ಬಿಡುವಿನಲ್ಲಿ ಕೇಳಿದ ಒಂದು ಧ್ವನಿಮುದ್ರಿಕೆಯ ಚರಿತ್ರೆಯೇ ಈ ಲೇಖನದ ವಸ್ತು. ಅದು ಪುರಂದರದಾಸರದಲ್ಲ, ತ್ಯಾಗರಾಜರದೂ ಅಲ್ಲ. ಹೆವಿ ಮೆಟಲ್ ಎಂದು ಕರೆಯಲ್ಪಡುವ ಪಾಶ್ಚಾತ್ಯ ಸಂಗೀತದ್ದು. ಮೇಷ್ಟ್ರಿಗೆ ಮುಪ್ಪಿನಲ್ಲಿ ಮರುಳು ಹಿಡಿಯಿತೆಂದು ನಗಬೇಡಿ. ಪೂರ್ತಿ ಓದಿದ ಮೇಲೆ ನಗುವ ಹಕ್ಕು ನಿಮಗೆ ಇದ್ದೇ ಇದೆ.

ಅದು ನನ್ನ ಕೈಗೆ ಬಂದ ಬಗೆಯನ್ನು ಮೊದಲು ಹೇಳುತ್ತೇನೆ. ಎಂಬತ್ತರ ದಶಕದ ಕೊನೆಯಲ್ಲಿ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗ ಕೂರುತ್ತಿದ್ದ. ನಾನು ವಿಜಯನಗರದ ಪತನವನ್ನು ಬಣ್ಣಿಸುತ್ತಿದ್ದರೆ ಅವನು ಬೆರಳುಗಳಿಂದ ಬೆಂಚಿನ ಹಲಗೆಯನ್ನು ಬಡಿಯುತ್ತಿದ್ದ. ಎಷ್ಟೋ ಸಲ ಅವನನ್ನು ಹೊರಗೆ ನಿಲ್ಲಿಸಿದ್ದೇನೆ. ಈಗ ಅವನಿಗೂ ತಲೆ ನರೆತಿದೆ, ಬೆಂಗಳೂರಿನಲ್ಲಿ ಇಂಜಿನಿಯರ್. ನನ್ನ ಕಣ್ಣಿನ ವಿಷಯ ತಿಳಿದು ನೋಡಲು ಬಂದವನು ಹಣ್ಣಿನ ಜೊತೆಗೆ ಎರಡು ಸೀಡಿಗಳನ್ನೂ ತಂದಿದ್ದ. ಎರಡರ ಮೇಲೂ ಒಂದೇ ಹೆಸರು, ಒಂದೇ ಚಿತ್ರ, ಹಾಡುಗಳ ಅದೇ ಸಾಲು. “ಸರ್, ಓಲೆಗರಿಗಳ ಪಾಠಾಂತರ ಅಂದರೇನು, ಪ್ರಕ್ಷೇಪ ಅಂದರೇನು ಅಂತ ನೀವೇ ನಮಗೆ ಹೇಳಿಕೊಟ್ಟಿದ್ದು. ಇವೆರಡರಲ್ಲಿ ಮೂಲ ಯಾವುದು, ತಿದ್ದಿದ್ದು ಯಾವುದು, ಕೇಳಿ ಹೇಳಿ,” ಎಂದು ಕಿವಿಗೆ ಹಾಕಿಕೊಳ್ಳುವ ಯಂತ್ರವನ್ನೂ ಕೊಟ್ಟು ಹೋದ. ಹೊರಗೆ ನಿಲ್ಲಿಸಿದುದಕ್ಕೆ ಮೂವತ್ತೈದು ವರ್ಷಗಳ ಬಳಿಕ ಅವನು ನನಗೆ ಪರೀಕ್ಷೆ ಇಟ್ಟಂತಾಯಿತು.

ಮೊದಲ ದಿನ ನನಗೆ ಗದ್ದಲವಲ್ಲದೆ ಬೇರೇನೂ ಕೇಳಿಸಲಿಲ್ಲ. ಮೂರನೆಯ ದಿನ ಗದ್ದಲದ ಒಳಗೆ ಗಿಟಾರಿನ ಒಂದು ದಾರಿ ಕಾಣಿಸಿತು. ಐದನೆಯ ದಿನ ವ್ಯತ್ಯಾಸ ಹೊಳೆಯಿತು. ಎರಡರಲ್ಲಿಯೂ ಹಾಡುವ ಕಂಠ ಅದೇ, ಗಿಟಾರು ಅದೇ. ಆದರೆ ಕೆಳಗಿನ ತಾಳ ಬೇರೆ. ಮದ್ದಲೆಯವನನ್ನು ಬದಲಿಸಿದ ಯಕ್ಷಗಾನದಂತೆ, ಪದ್ಯ ಅದೇ ಆದರೂ ಕುಣಿತ ಬೇರೆಯಾಗಿತ್ತು. ಅವನಿಗೆ ಫೋನು ಮಾಡಿ ಹೇಳಿದೆ. “ನೂರಕ್ಕೆ ನೂರು, ಸರ್,” ಎಂದ. ಅಲ್ಲಿಂದ ಮುಂದೆ ಅದರ ಚರಿತ್ರೆಯನ್ನು ಅರಸುವ ಕೆಲಸ ನನ್ನದಾಯಿತು.

* * *

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿಯ ಕಾರ್ಮಿಕರ ಮಕ್ಕಳು ನಾಲ್ವರು ಸೇರಿ ಕಟ್ಟಿದ ಬ್ಲ್ಯಾಕ್ ಸಬ್ಬತ್ ಎಂಬ ತಂಡದ ಮೊದಲ ಧ್ವನಿಮುದ್ರಿಕೆ 1970ರ ಫೆಬ್ರವರಿಯಲ್ಲಿ ಹೊರಬಂದಿತು. ಹೆವಿ ಮೆಟಲ್‌ನ ಆರಂಭವನ್ನು ಬಹುಮಂದಿ ಅಲ್ಲಿಂದಲೇ ಎಣಿಸುತ್ತಾರೆ. ಆ ತಂಡದ ಗಿಟಾರು ವಾದಕ ಟೋನಿ ಅಯೋಮಿ ಹದಿನೇಳರ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯ ಯಂತ್ರಕ್ಕೆ ಬಲಗೈಯ ಎರಡು ಬೆರಳುಗಳ ತುದಿಗಳನ್ನು ಕಳೆದುಕೊಂಡವನು. ಎಡಚನಾದ ಅವನಿಗೆ ತಂತಿಯನ್ನು ಒತ್ತಬೇಕಾದದ್ದು ಆ ಬಲಗೈಯೇ. ಕರಗಿಸಿದ ಪ್ಲಾಸ್ಟಿಕ್ಕಿನಿಂದ ಬೆರಳುಗಳಿಗೆ ಟೊಪ್ಪಿಗೆ ಮಾಡಿಕೊಂಡು, ಹಗುರವಾದ ತಂತಿಗಳನ್ನು ಕಟ್ಟಿ, ಮುಂದೆ ಅವುಗಳ ಶ್ರುತಿಯನ್ನೂ ಇಳಿಸಿಕೊಂಡು ನುಡಿಸಿದ. ಆ ಸಂಗೀತದ ಭಾರವಾದ ನಾದಕ್ಕೆ ಒಂದು ಊನವೂ ಕಾರಣವೆಂಬುದು ಚರಿತ್ರೆಯ ವಿಚಿತ್ರಗಳಲ್ಲೊಂದು.

ಆ ತಂಡದ ಗಾಯಕ ಓಝಿ ಆಸ್ಬೋರ್ನ್. 1979ರಲ್ಲಿ ಕುಡಿತ ಮತ್ತು ಮಾದಕದ್ರವ್ಯಗಳ ದೆಸೆಯಿಂದ ಅವನನ್ನು ತಂಡದಿಂದ ಹೊರಹಾಕಿದರು. ಮೂವತ್ತು ತುಂಬಿದ, ಮುಗಿದುಹೋದನೆಂದು ಎಲ್ಲರೂ ತಿಳಿದ ಮನುಷ್ಯ ಹೊಸ ತಂಡಕ್ಕಾಗಿ ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ ಗಿಟಾರು ವಾದಕನನ್ನು ಹುಡುಕುತ್ತಿದ್ದ. ಆಗ ಸಿಕ್ಕಿದವನು ರ್‍ಯಾಂಡಿ ರೋಡ್ಸ್ ಎಂಬ ಇಪ್ಪತ್ತೆರಡರ ಸಣಕಲು ಯುವಕ. ಸಣ್ಣ ಯಂತ್ರವೊಂದಕ್ಕೆ ಗಿಟಾರನ್ನು ಜೋಡಿಸಿ ಅವನು ಬೆರಳು ಸಡಿಲಿಸಿಕೊಳ್ಳುತ್ತಿದ್ದಾಗಲೇ ಆಸ್ಬೋರ್ನ್ ಒಪ್ಪಿಬಿಟ್ಟನೆಂದು ಹೇಳುತ್ತಾರೆ.

ಈ ರೋಡ್ಸನ ಮೇಲೆ ನನಗೆ ವಿಶೇಷ ಮಮತೆ ಹುಟ್ಟಲು ಕಾರಣವಿದೆ. ಅವನು ನಮ್ಮ ವೃತ್ತಿಯವನು. 1956ರ ಡಿಸೆಂಬರ್ 6ರಂದು ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿ ಹುಟ್ಟಿದ ಅವನ ತಂದೆತಾಯಿಗಳಿಬ್ಬರೂ ಸಂಗೀತದ ಅಧ್ಯಾಪಕರು. ಮಗು ಇನ್ನೂ ಕೈಗೂಸಾಗಿದ್ದಾಗ ತಂದೆ ಮನೆಬಿಟ್ಟು ಹೋದ. ತಾಯಿ ಡೆಲೋರಿಸ್ ರೋಡ್ಸ್ ಉತ್ತರ ಹಾಲಿವುಡ್‌ನಲ್ಲಿ ಮ್ಯೂಸೋನಿಯಾ ಎಂಬ ಸಂಗೀತಶಾಲೆಯನ್ನು ನಡೆಸುತ್ತ ಮೂವರು ಮಕ್ಕಳನ್ನು ಸಾಕಿದಳು. ಮಗ ಏಳರ ವಯಸ್ಸಿಗೆ ಅಲ್ಲಿಯೇ ಗಿಟಾರು ಹಿಡಿದ. ಕೆಲಕಾಲದ ಮೇಲೆ ಗಿಟಾರು ಕಲಿಸುತ್ತಿದ್ದ ಅಧ್ಯಾಪಕ ತಾಯಿಯ ಬಳಿಗೆ ಬಂದು, ತನಗೆ ತಿಳಿದುದೆಲ್ಲ ಹುಡುಗನಿಗೆ ತಿಳಿದುಹೋಗಿದೆ, ಇನ್ನು ಕಲಿಸಲು ತನ್ನಲ್ಲಿ ಏನೂ ಉಳಿದಿಲ್ಲವೆಂದು ಒಪ್ಪಿಕೊಂಡನಂತೆ. ಇಂಥ ಮಾತನ್ನು ಬಾಯಿಬಿಟ್ಟು ಹೇಳುವ ಧೈರ್ಯ ಎಷ್ಟು ಮಂದಿ ಮೇಷ್ಟ್ರುಗಳಿಗಿದೆ? ಸರ್ವತ್ರ ಜಯವನ್ನು ಬಯಸಿದರೂ ಶಿಷ್ಯನಿಂದ ಸೋಲನ್ನು ಬಯಸಬೇಕೆಂಬ ನಮ್ಮ ಹಿರಿಯರ ಮಾತಿಗೆ ಆ ಅಧ್ಯಾಪಕನೇ ಉದಾಹರಣೆ.

ಹುಡುಗ ಬೆಳೆದು ಅದೇ ಶಾಲೆಯಲ್ಲಿ ತಾನೂ ಪಾಠ ಹೇಳತೊಡಗಿದ. ರಾತ್ರಿ ಕ್ವಯಟ್ ರಯಟ್ ಎಂಬ ತಂಡದಲ್ಲಿ ನುಡಿಸುವುದು, ಹಗಲು ಮಕ್ಕಳಿಗೆ ಕಲಿಸುವುದು. ಆ ತಂಡದ ಮೊದಲ ಎರಡು ಧ್ವನಿಮುದ್ರಿಕೆಗಳನ್ನು ಅಮೆರಿಕದಲ್ಲಿ ಯಾರೂ ಹೊರತರಲಿಲ್ಲ. ಅವು ಜಪಾನಿನಲ್ಲಿ ಮಾತ್ರ ಬಿಡುಗಡೆಯಾದವು. ತನಗೊಂದು ಶೈಲಿ ಕೂಡಿಬಂದದ್ದು ಪಾಠ ಹೇಳುವುದರಿಂದ ಎಂಬ ಅರ್ಥದ ಮಾತನ್ನು ಅವನು ಮುಂದೆ ಆಡಿದ್ದುಂಟು. ಇದು ಸತ್ಯವೆಂದು ನಾನೂ ಬಲ್ಲೆ. ಒಂದು ವಿಷಯ ನಮಗೆ ಎಷ್ಟು ತಿಳಿದಿಲ್ಲವೆಂಬುದು ಗೊತ್ತಾಗುವುದು ಹತ್ತು ವರ್ಷದ ಮಗುವೊಂದು “ಯಾಕೆ?” ಎಂದು ಕೇಳಿದಾಗಲೇ.

* * *

1980ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳುಗಳಲ್ಲಿ ದಕ್ಷಿಣ ಇಂಗ್ಲೆಂಡಿನ ಹಳ್ಳಿಗಾಡಿನ ರಿಡ್ಜ್ ಫಾರ್ಮ್ ಎಂಬ ಮುದ್ರಣಾಲಯದಲ್ಲಿ ಈ ಹೊಸ ತಂಡ ತನ್ನ ಮೊದಲ ಧ್ವನಿಮುದ್ರಿಕೆಯನ್ನು ಸಿದ್ಧಪಡಿಸಿತು. ಅದರ ಹೆಸರು ‘ಬ್ಲಿಝರ್ಡ್ ಆಫ್ ಓಝ್’. ಹಾಡಿದವನು ಆಸ್ಬೋರ್ನ್; ಗಿಟಾರು ರೋಡ್ಸ್; ಮಂದ್ರಸ್ಥಾಯಿಯ ಬೇಸ್ ಗಿಟಾರು ಆಸ್ಟ್ರೇಲಿಯದ ಬಾಬ್ ಡೇಸ್ಲಿ; ಡ್ರಮ್ಸ್ ಇಂಗ್ಲೆಂಡಿನ ಲೀ ಕರ್ಸ್‌ಲೇಕ್; ಕೀಬೋರ್ಡ್ ನುಡಿಸಿ ನೆರವಾದವನು ಡಾನ್ ಏರಿ. ಹಾಡುಗಳ ಸಾಹಿತ್ಯದ ಬಹುಪಾಲು ಡೇಸ್ಲಿಯದು. ಈ ಹೆಸರುಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದಿನ ಕಥೆಯೆಲ್ಲ ಹೆಸರುಗಳದೇ. ಇದು ಒಂದು ತಂಡದ ಹೆಸರೆಂದು ತಾವು ನಂಬಿ ಕೆಲಸ ಮಾಡಿದ್ದೆವೆಂದು ಡೇಸ್ಲಿ ಮುಂದೆ ಅನೇಕ ಸಲ ಹೇಳಿದ್ದಾನೆ. ಆದರೆ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಅಂಗಡಿಗಳಿಗೆ ಬಂದಾಗ ಹೊದಿಕೆಯ ಮೇಲೆ ಎದ್ದುಕಂಡುದು ಗಾಯಕನ ಹೆಸರು.

ಒಟ್ಟು ಒಂಬತ್ತು ಹಾಡುಗಳು. ಇಂಗ್ಲೆಂಡಿನ ಮಾರಾಟದ ಪಟ್ಟಿಯಲ್ಲಿ ಏಳನೆಯ ಸ್ಥಾನ. ಅಮೆರಿಕದಲ್ಲಿ ಮರುವರ್ಷ ಹೊರಬಂದು ಇಪ್ಪತ್ತೊಂದನೆಯ ಸ್ಥಾನಕ್ಕೆ ಏರಿದರೂ ಮಾರಾಟ ನಿಲ್ಲಲಿಲ್ಲ. ಮುಂದಿನ ವರ್ಷಗಳಲ್ಲಿ ಆ ಒಂದು ದೇಶದಲ್ಲಿಯೇ ನಾಲ್ವತ್ತು ಲಕ್ಷಕ್ಕೂ ಮಿಗಿಲಾದ ಪ್ರತಿಗಳು ಖರ್ಚಾದವು.

ಅದರ ಗಿಟಾರಿನ ವಿಷಯವನ್ನು ನನಗೆ ತಿಳಿದ ಮಾತಿನಲ್ಲಿಯೇ ಹೇಳುತ್ತೇನೆ. ನಮ್ಮ ಮನೆಯಲ್ಲಿ ವೀಣೆ ಕಲಿತವರಿರುವುದರಿಂದ ನಿಮ್ಮಲ್ಲಿ ಕೆಲವರಿಗೆ ಇದು ಸುಲಭವಾದೀತು.

‘ಕ್ರೇಜಿ ಟ್ರೇನ್’ ಎಂಬುದು ಅದರ ಹೆಸರಾಂತ ಹಾಡು. ಆರಂಭದಲ್ಲಿ ಗಿಟಾರು ನುಡಿಸುವ ಸ್ವರಗುಚ್ಛ, ನಮ್ಮ ಲೆಕ್ಕದಲ್ಲಿ, ನಠಭೈರವಿ ಮೇಳದ ಸ್ವರಗಳಲ್ಲಿದೆ. ಹಾಡು ತೊಡಗಿದ ಕೂಡಲೇ ಆಧಾರಸ್ವರ ಸರಿದು ಅದೇ ಸ್ವರಗಳು ಶಂಕರಾಭರಣವಾಗುತ್ತವೆ. ಕತ್ತಲೆಯ ಕೋಣೆಯಲ್ಲಿ ಕಿಟಕಿ ತೆರೆದಂತೆ ಒಮ್ಮೆಲೇ ಬೆಳಕು. ನಮ್ಮ ವಿದ್ವಾಂಸರು ಇದನ್ನು ಗ್ರಹಭೇದವೆನ್ನುತ್ತಾರೆ. ಪಾಶ್ಚಾತ್ಯರಲ್ಲಿಯೂ ಇದು ಹೊಸತಲ್ಲ. ಆದರೆ ಅಬ್ಬರದ ಸಂಗೀತದ ನಡುವೆ ಇಷ್ಟು ಅಚ್ಚುಕಟ್ಟಾಗಿ ಅದನ್ನು ಕೂರಿಸುವುದಕ್ಕೆ ಶಾಸ್ತ್ರವನ್ನು ಓದಿದ ಬುದ್ಧಿ ಬೇಕು. ಮಧ್ಯದ ಏಕಾಂಗಿ ವಾದನವನ್ನು ಬಲಗೈಯ ಬೆರಳನ್ನೂ ಮೆಟ್ಟಿಲುಗಳ ಮೇಲೆ ತಂದು ತಂತಿಯನ್ನು ಬಡಿಯುತ್ತ ಅವನು ಆರಂಭಿಸುತ್ತಾನೆ. ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ಏರಿಸುವುದನ್ನಂತೂ ವೀಣೆಯವರಿಗೆ ನಾನು ವಿವರಿಸಬೇಕಿಲ್ಲ.

ಇನ್ನೊಂದು ಸಂಗತಿ ನನ್ನನ್ನು ಬೆರಗುಗೊಳಿಸಿತು. ಧ್ವನಿಮುದ್ರಣದ ಇಂಜಿನಿಯರಾಗಿದ್ದ ಮ್ಯಾಕ್ಸ್ ನಾರ್ಮನ್ ಹೇಳಿರುವಂತೆ, ಏಕಾಂಗಿ ವಾದನದ ಭಾಗಗಳನ್ನು ರೋಡ್ಸ್ ಮೂರು ಸಲ ನುಡಿಸುತ್ತಿದ್ದ. ಒಂದನ್ನು ನಡುವೆ ಇರಿಸಿ, ಉಳಿದೆರಡನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ಸೇರಿಸುತ್ತಿದ್ದರು. ಆದ್ದರಿಂದಲೇ ಆ ನಾದಕ್ಕೆ ಅಂಥ ಮೈ. ಮಿಂಚಿನ ವೇಗದ ಒಂದು ವಾದನವನ್ನು ಮೂರು ಬಾರಿ ಒಂದೇ ತೆರನಾಗಿ ನುಡಿಸಬೇಕಾದರೆ ಅದು ಆ ಗಳಿಗೆಯ ಸ್ಫೂರ್ತಿಯಲ್ಲ, ಮೊದಲೇ ರಚಿಸಿ ಕಂಠಸ್ಥ ಮಾಡಿಕೊಂಡ ಕೃತಿ. ಒಂದು ಪದ್ಯವನ್ನು ಮೂರು ಸಲ ಬರೆಸಿದರೆ ಮೂರು ಬಗೆಯ ತಪ್ಪು ಮಾಡುವ ಹುಡುಗರನ್ನು ಕಂಡವನು ನಾನು. ಈ ಶಿಸ್ತಿನ ಬೆಲೆ ನನಗೆ ಗೊತ್ತು.

‘ಮಿಸ್ಟರ್ ಕ್ರೌಲಿ’ ಎಂಬ ಹಾಡಿನ ಆರಂಭ ಡಾನ್ ಏರಿಯ ಕೀಬೋರ್ಡಿನದು. ಚರ್ಚಿನ ಆರ್ಗನ್ನನ್ನು ನೆನಪಿಸುತ್ತದೆ. ಅದರ ಕೊನೆಯ ಗಿಟಾರು ವಾದನದ ಕೆಳಗೆ ಸ್ವರಮೇಳಗಳು ಸರಪಳಿಯ ಕೊಂಡಿಗಳಂತೆ ಒಂದರಿಂದ ಒಂದಕ್ಕೆ ಪಂಚಮದ ನಂಟು ಹಿಡಿದು ಸಾಗುತ್ತವೆ. ಮೂರು ಶತಮಾನಗಳ ಹಿಂದೆ ಯೂರೋಪಿನಲ್ಲಿ ಬಾಕ್, ವಿವಾಲ್ಡಿ ಮೊದಲಾದವರು ಬಳಸಿ ಬೆಳಗಿಸಿದ ದಾರಿ ಅದು. ರೋಡ್ಸ್ ಅದನ್ನು ಅಲಂಕಾರವಾಗಿ ಅಂಟಿಸಲಿಲ್ಲ. ಮನೆಯ ತೊಲೆಯಾಗಿ ಇಟ್ಟ. ಮುಂದೆ ಬಂದ ಗಿಟಾರು ವಾದಕರ ಒಂದು ತಲೆಮಾರು ಈ ದಾರಿಯಲ್ಲಿ ನಡೆದದ್ದು ಅವನಿಂದ ಎಂದು ಬಲ್ಲವರು ಹೇಳುತ್ತಾರೆ.

ಈ ಎಲ್ಲ ಅಬ್ಬರದ ನಡುವೆ ಸುಮಾರು ಐವತ್ತು ಸೆಕೆಂಡುಗಳ ಒಂದು ಪುಟ್ಟ ರಚನೆಯಿದೆ. ವಿದ್ಯುತ್ತಿನ ಸೋಂಕಿಲ್ಲದ ಗಿಟಾರೊಂದೇ. ಹಾಡಿಲ್ಲ, ತಾಳವಾದ್ಯವಿಲ್ಲ. ಅದರ ಹೆಸರು ‘ಡೀ’. ಡೆಲೋರಿಸ್ ಎಂಬ ತಾಯಿಯ ಮುದ್ದಿನ ಹೆಸರು ಅದು. ಜಗತ್ತಿಗೆ ತನ್ನನ್ನು ಪರಿಚಯಿಸಿದ ಮೊದಲ ದೊಡ್ಡ ಕೆಲಸದಲ್ಲಿ ಮಗ ತಾಯಿಗೆ ಮಾಡಿದ ನಮಸ್ಕಾರ.

ಈ ಸಂಗೀತವನ್ನು ನಾನು ಪೂರ್ತಿಯಾಗಿ ಮೆಚ್ಚಿದೆನೆಂದು ಸುಳ್ಳು ಹೇಳಲಾರೆ. ಕೆಲವು ಹಾಡುಗಳ ವಸ್ತು ನನಗೆ ರುಚಿಸದು. ಕುಡಿತದ ಮೇಲೆ ಬರೆದ ಒಂದು ಹಾಡು ಎಳೆಯರನ್ನು ಆತ್ಮಹತ್ಯೆಗೆ ಪ್ರೇರೇಪಿಸುತ್ತದೆಂಬ ಆರೋಪದ ಮೇಲೆ ಅಮೆರಿಕದಲ್ಲಿ ಮೊಕದ್ದಮೆಯೂ ನಡೆದು, 1986ರಲ್ಲಿ ವಜಾ ಆಯಿತು. ಆದರೆ ‘ಡೀ’ ಎಂಬ ಆ ಐವತ್ತು ಸೆಕೆಂಡುಗಳನ್ನು ದಿನವೂ ಮಲಗುವ ಮುನ್ನ ಕೇಳಿದ್ದೇನೆ.

* * *

ಮುಂದಿನದು ದುಃಖದ ಕಥೆ. 1981ರ ಆರಂಭದಲ್ಲಿ ಅದೇ ನಾಲ್ವರು ಅದೇ ರಿಡ್ಜ್ ಫಾರ್ಮ್‌ನಲ್ಲಿ ‘ಡೈರಿ ಆಫ್ ಎ ಮ್ಯಾಡ್‌ಮನ್’ ಎಂಬ ಎರಡನೆಯ ಧ್ವನಿಮುದ್ರಿಕೆಯನ್ನು ಮುಗಿಸಿದರು. ಅದು ಅಂಗಡಿಗೆ ಬರುವ ಮೊದಲೇ ಡೇಸ್ಲಿ ಮತ್ತು ಕರ್ಸ್‌ಲೇಕ್ ಇಬ್ಬರನ್ನೂ ಕೆಲಸದಿಂದ ತೆಗೆದರು. ನವೆಂಬರ್‌ನಲ್ಲಿ ಅದು ಹೊರಬಂದಾಗ ಹೊದಿಕೆಯಲ್ಲಿ ಇವರ ಬದಲು ಸಂಚಾರಕ್ಕೆಂದು ಹೊಸದಾಗಿ ಸೇರಿದ ಇಬ್ಬರ ಹೆಸರೂ ಚಿತ್ರವೂ ಇದ್ದವು. ನುಡಿಸಿದವರು ಒಬ್ಬರು, ಹೆಸರು ಇನ್ನೊಬ್ಬರದು.

ರೋಡ್ಸ್ ಮಾತ್ರ ಉಳಿದ. ಊರೂರು ಸುತ್ತುವ ಸಂಚಾರದಲ್ಲಿ ಅವನೊಂದು ಕೆಲಸ ಮಾಡುತ್ತಿದ್ದನಂತೆ. ಇಳಿದ ಊರಿನ ದೂರವಾಣಿ ಪುಸ್ತಕವನ್ನು ತೆರೆದು, ಶಾಸ್ತ್ರೀಯ ಗಿಟಾರು ಕಲಿಸುವವರು ಯಾರಿದ್ದಾರೆಂದು ಹುಡುಕಿ, ಹಗಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ಬರುವುದು. ಹಿಂದಿನ ರಾತ್ರಿ ಸಾವಿರಾರು ಮಂದಿ ಕೂಗಿ ಕುಣಿದದ್ದು ಯಾರ ವಾದನಕ್ಕೋ ಅವನು ಮರುದಿನ ಬೆಳಿಗ್ಗೆ ಯಾವುದೋ ಬೀದಿಯ ಅಧ್ಯಾಪಕನ ಮುಂದೆ ವಿದ್ಯಾರ್ಥಿಯಾಗಿ ಕೂತಿರುತ್ತಿದ್ದ. ಕೆಲವೊಮ್ಮೆ ಅಧ್ಯಾಪಕನಿಗಿಂತ ಇವನಿಗೇ ಹೆಚ್ಚು ತಿಳಿದಿರುತ್ತಿತ್ತಂತೆ. ಈ ಗದ್ದಲವನ್ನು ಬಿಟ್ಟು ವಿಶ್ವವಿದ್ಯಾಲಯಕ್ಕೆ ಸೇರಿ ಶಾಸ್ತ್ರೀಯ ಗಿಟಾರಿನಲ್ಲಿ ಪದವಿ ಪಡೆಯಬೇಕೆಂಬ ಆಸೆಯನ್ನು ಅವನು ಜೊತೆಯವರಲ್ಲಿ ತೋಡಿಕೊಂಡಿದ್ದ.

ಆ ಆಸೆ ಕೈಗೂಡಲಿಲ್ಲ. 1982ರ ಮಾರ್ಚ್ 18ರ ರಾತ್ರಿ ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ ಕಛೇರಿ ಮುಗಿಸಿ ತಂಡ ಫ್ಲೋರಿಡಾದತ್ತ ಹೊರಟಿತು. ಮರುದಿನ ಬೆಳಿಗ್ಗೆ ಲೀಸ್‌ಬರ್ಗ್ ಎಂಬಲ್ಲಿ ಬಸ್ಸು ನಿಂತಿದ್ದಾಗ, ವಿಮಾನ ನಡೆಸಬಲ್ಲ ಅದರ ಚಾಲಕ ಅಲ್ಲಿದ್ದ ಒಂದು ಸಣ್ಣ ವಿಮಾನದಲ್ಲಿ ರೋಡ್ಸನನ್ನೂ ತಂಡದ ಉಡುಪು ಕೇಶಗಳನ್ನು ನೋಡಿಕೊಳ್ಳುತ್ತಿದ್ದ ಮಹಿಳೆಯನ್ನೂ ಕೂರಿಸಿಕೊಂಡು ಹಾರಿದ. ಬಸ್ಸಿನ ಮೇಲೆಯೇ ಕೆಳಮಟ್ಟದಲ್ಲಿ ಹಾಯಿಸಲು ಹೋದಾಗ ರೆಕ್ಕೆ ಬಸ್ಸಿಗೆ ತಾಗಿತು. ವಿಮಾನ ಪಕ್ಕದ ಮನೆಯ ಮೇಲೆ ಬಿದ್ದು ಉರಿಯಿತು. ಮೂವರೂ ಸತ್ತರು. ಚಾಲಕನ ದೇಹದಲ್ಲಿ ಕೊಕೇನ್ ಇದ್ದುದು ಪರೀಕ್ಷೆಯಲ್ಲಿ ಕಂಡುಬಂದಿತು. ರೋಡ್ಸನಿಗೆ ಆಗ ಇಪ್ಪತ್ತೈದು ವರ್ಷ. ಡೆಲೋರಿಸ್ ರೋಡ್ಸ್ 2012ರವರೆಗೆ, ತೊಂಬತ್ತು ದಾಟಿ ಬದುಕಿದ್ದಳು. ಮಗನ ಅಭಿಮಾನಿಗಳು ದೂರದೂರದಿಂದ ಆಕೆಯ ಶಾಲೆಯನ್ನು ನೋಡಲು ಬರುತ್ತಿದ್ದರು.

* * *

ಈಗ ಮರುಮುದ್ರಣದ ವಿಚಾರಕ್ಕೆ ಬರೋಣ. ಡೇಸ್ಲಿ ಮತ್ತು ಕರ್ಸ್‌ಲೇಕ್ ತಮಗೆ ಸಲ್ಲಬೇಕಾದ ಹೆಸರಿಗೂ ಹಣಕ್ಕೂ ನ್ಯಾಯಾಲಯದ ಮೆಟ್ಟಿಲೇರಿದರು. ವ್ಯಾಜ್ಯ ಒಂದು ಹಂತದಲ್ಲಿ ರಾಜಿಯಾಗಿ, ಮತ್ತೆ ತಲೆಯೆತ್ತಿ, ವರ್ಷಗಟ್ಟಲೆ ಎಳೆಯಿತು. 2002ರಲ್ಲಿ ಈ ಎರಡೂ ಧ್ವನಿಮುದ್ರಿಕೆಗಳು ಸೀಡಿಯಾಗಿ ಮತ್ತೆ ಹೊರಬಂದಾಗ ಒಂದು ಅಪೂರ್ವ ಕೆಲಸ ನಡೆದಿತ್ತು. ಆ ಇಬ್ಬರ ವಾದನವನ್ನು ಮೂಲಮುದ್ರಣದಿಂದ ಅಳಿಸಿ, ಆ ಜಾಗದಲ್ಲಿ ಆಸ್ಬೋರ್ನನ ಆಗಿನ ತಂಡದಲ್ಲಿದ್ದ ರಾಬರ್ಟ್ ಟ್ರುಹಿಯೋ ಮತ್ತು ಮೈಕ್ ಬಾರ್ಡಿನ್ ಎಂಬವರಿಂದ ಹೊಸದಾಗಿ ನುಡಿಸಿ ಸೇರಿಸಿದ್ದರು. ಆ ಇಬ್ಬರ ವರ್ತನೆಯಿಂದ ಬೇಸತ್ತು ಹೀಗೆ ಮಾಡಬೇಕಾಯಿತೆಂದು ಆಸ್ಬೋರ್ನ್ ಪಕ್ಷದ ಹೇಳಿಕೆ ಹೊರಬಿದ್ದಿತು. ಮುಂದೆ 2009ರ ತನ್ನ ಆತ್ಮಕಥೆಯಲ್ಲಿ ಆಸ್ಬೋರ್ನ್, ಅದು ತನ್ನ ನಿರ್ಧಾರವಲ್ಲ, ವ್ಯವಹಾರಗಳನ್ನು ನೋಡಿಕೊಳ್ಳುತ್ತಿದ್ದ ಹೆಂಡತಿ ಶ್ಯಾರನ್‌ಳದು ಎಂದು ಬರೆದ. ಮೊಕದ್ದಮೆಯನ್ನು ಅಮೆರಿಕದ ನ್ಯಾಯಾಲಯ 2003ರಲ್ಲಿ ವಜಾ ಮಾಡಿತು. ಕಾನೂನು ಒಂದು ಪಕ್ಷಕ್ಕೆ ಒಲಿಯಿತು. ಕೇಳುಗರ ಮನಸ್ಸು ಒಲಿಯಲಿಲ್ಲ. ಇಪ್ಪತ್ತು ವರ್ಷ ಕೇಳಿ ಮೈಗೂಡಿದ ಸಂಗೀತದ ಒಂದೊಂದು ಪೆಟ್ಟೂ ಅವರಿಗೆ ಗುರುತಿದ್ದಿತು.

ಹೊಸಬರು ಸಾಮಾನ್ಯರೆಂದು ತಿಳಿಯಬಾರದು. ಟ್ರುಹಿಯೋ ಮರುವರ್ಷವೇ ಮೆಟಾಲಿಕಾ ಎಂಬ ಮಹಾತಂಡವನ್ನು ಸೇರಿದವನು. 2011ರ ಅಕ್ಟೋಬರ್ 30ರಂದು ಆ ತಂಡ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ನನ್ನ ಶಿಷ್ಯ ಅಲ್ಲಿದ್ದ. “ಅವನು ಮಹಾ ವಾದಕ, ಸರ್. ನಾನೇ ಕಣ್ಣಾರೆ ಕಂಡಿದ್ದೇನೆ. ಆದರೆ ಆ ಜಾಗ ಅವನದಲ್ಲ,” ಎಂದ. ಎಷ್ಟು ಸರಿಯಾದ ತೀರ್ಪು! ತಪ್ಪು ನುಡಿಸಿದವನದಲ್ಲ, ನುಡಿಸಿ ತುಂಬಲೆಂದು ಜಾಗವನ್ನು ಖಾಲಿ ಮಾಡಿದುದರದು. ರೋಡ್ಸ್ ತನ್ನ ಬೆರಳುಗಳನ್ನು ಆಡಿಸಿದ್ದು ಕರ್ಸ್‌ಲೇಕನ ಪೆಟ್ಟನ್ನು ಕೇಳುತ್ತ, ಡೇಸ್ಲಿಯ ಮಂದ್ರವನ್ನು ನೆಚ್ಚಿ. 2002ರ ಪ್ರತಿಯಲ್ಲಿ, ಸತ್ತು ಇಪ್ಪತ್ತು ವರ್ಷವಾದವನು ತಾನು ಕೇಳಿಯೇ ಇರದ ತಾಳಕ್ಕೆ ನುಡಿಸುತ್ತಿದ್ದಾನೆ. ಸಂವಾದವೊಂದರಲ್ಲಿ ಒಬ್ಬನ ಮಾತನ್ನು ಅಳಿಸಿ ಬೇರೊಬ್ಬನ ಮಾತನ್ನು ಸೇರಿಸಿದರೆ ಉಳಿದವನ ಮಾತೂ ಸುಳ್ಳಾಗುತ್ತದೆ. ಗ್ರಂಥಸಂಪಾದನೆಯಲ್ಲಿ ಪ್ರಕ್ಷೇಪವನ್ನು ದೋಷವೆನ್ನುವುದು ಸೇರಿಸಿದ ಪದ್ಯ ಕೆಟ್ಟದ್ದೆಂದಲ್ಲ, ಅದು ಕವಿಯದಲ್ಲವೆಂದು. ಇಡೀ ಧ್ವನಿಮುದ್ರಿಕೆಯಲ್ಲಿ ಈ ಕೈವಾಡದಿಂದ ಸಹಜವಾಗಿ ಪಾರಾದುದು ‘ಡೀ’ ಒಂದೇ. ಅಳಿಸಲು ಅಲ್ಲಿ ತಾಳವೇ ಇರಲಿಲ್ಲವಲ್ಲ.

ನಮ್ಮ ಹಳೆಯ ಶಾಸನಗಳ ಕೊನೆಯಲ್ಲಿ ಶಾಪಾಶಯವಿರುವುದನ್ನು ನಿಮಗೆ ತೋರಿಸಿದ್ದೆನಷ್ಟೆ. ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪಕ್ಕೆ ಹೋಗುವನೆಂದು ಕಲ್ಲಿನಲ್ಲಿ ಕೊರೆಯುತ್ತಿದ್ದರು. ಕಲ್ಲನ್ನೂ ಕೆತ್ತಿ ತೆಗೆಯುವವರಿದ್ದಾರೆಂದು ಆ ಕಾಲದವರಿಗೆ ಗೊತ್ತಿತ್ತು.

* * *

ಇಲ್ಲಿಗೆ ಬಂದಾಗ ನಾನು ಕೇಳುವ ಯಂತ್ರವನ್ನು ಕಿವಿಯಿಂದ ತೆಗೆದಿರಿಸಿ ಬಹಳ ಹೊತ್ತು ಸುಮ್ಮನೆ ಕುಳಿತೆ. ಅಳಿಸುವ ಕೆಲಸದಲ್ಲಿ ಎರಡು ಬಗೆ. ಕೆಲಸವನ್ನು ಅಳಿಸುವುದು ಒಂದು, ಅದು 2002ರದು. ಕೆಲಸವನ್ನು ಇಟ್ಟುಕೊಂಡು ಹೆಸರನ್ನು ಅಳಿಸುವುದು ಇನ್ನೊಂದು, ಅದು 1981ರದು. ಎರಡನೆಯದನ್ನು ನಾನೂ ಮಾಡಿದ್ದೇನೆ. ಇದನ್ನು ಈವರೆಗೆ ಯಾರಲ್ಲಿಯೂ ಹೇಳಿರಲಿಲ್ಲ.

ನಾನು ದುಡಿದ ಶಾಲೆಗಳಲ್ಲೊಂದು ತನ್ನ ಬೆಳ್ಳಿಹಬ್ಬಕ್ಕೆ ಸ್ಮರಣಸಂಚಿಕೆಯನ್ನು ತಂದಿತು. ಅದರ ಸಂಪಾದಕ ನಾನು. ಶಾಲೆಯ ಚರಿತ್ರೆಯನ್ನು ಬರೆದವರು ನಮ್ಮ ವಿಜ್ಞಾನದ ಮೇಷ್ಟ್ರು. ಅವರು ಎರಡು ಬೇಸಿಗೆ ಸೈಕಲ್ಲಿನಲ್ಲಿ ಹಳ್ಳಿಗಳನ್ನು ಸುತ್ತಿ, ಶಾಲೆಗೆ ನೆಲ ಕೊಟ್ಟವರ, ಕಲ್ಲು ಹೊತ್ತವರ ಮನೆಗಳಿಗೆ ಹೋಗಿ ಕೇಳಿ ಬರೆದ ಮೂವತ್ತು ಪುಟಗಳು. ಚರಿತ್ರೆಯ ಅಧ್ಯಾಪಕನಾದ ನಾನು ಮಾಡಬೇಕಾಗಿದ್ದ ಕೆಲಸವನ್ನು ವಿಜ್ಞಾನದ ಅಧ್ಯಾಪಕರು ಮಾಡಿದ್ದರು. ಮುಂದೆ ಸಂಬಳದ ವಿಷಯದಲ್ಲಿ ಅವರಿಗೂ ಆಡಳಿತದವರಿಗೂ ಮನಸ್ತಾಪವಾಗಿ ಅವರು ಶಾಲೆ ಬಿಟ್ಟರು. ಕೆಲವು ವರ್ಷಗಳ ಮೇಲೆ ಸಂಚಿಕೆಯ ಎರಡನೆಯ ಮುದ್ರಣ ಬೇಕಾಯಿತು. “ಲೇಖನ ಇರಲಿ, ಹೆಸರು ಬೇಡ,” ಎಂದು ನನಗೆ ಸೂಚನೆ ಬಂದಿತು. ನಾನು ಕೆಂಪು ಶಾಯಿಯಿಂದ ಆ ಹೆಸರಿನ ಮೇಲೆ ಗೆರೆ ಎಳೆದು, ಕೆಳಗೆ ‘ಸಂಪಾದಕ ಮಂಡಳಿ’ ಎಂದು ಬರೆದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಇಲ್ಲವೆಂದಿದ್ದರೆ ನನ್ನ ಕೆಲಸವೇನೂ ಹೋಗುತ್ತಿರಲಿಲ್ಲ. ಮಾತಿಗೆ ಮಾತು ಬೆಳೆಯುವುದು ಬೇಡವೆಂದು ಸುಮ್ಮನಾದೆ, ಅಷ್ಟೆ.

ಅನಂತರ ಒಮ್ಮೆ ಮಗಳ ಮದುವೆಯ ಕರೆಯೋಲೆ ಕೊಡಲು ಅವರು ನಮ್ಮ ಮನೆಗೆ ಬಂದರು. ಮೇಜಿನ ಮೇಲಿದ್ದ ಸಂಚಿಕೆಯನ್ನು ಎತ್ತಿಕೊಂಡು ಆ ಪುಟವನ್ನು ತೆರೆದು ನೋಡಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. “ಅಚ್ಚು ಚೆನ್ನಾಗಿ ಬಂದಿದೆ,” ಎಂದು ಹೇಳಿ ಪುಸ್ತಕವನ್ನು ಇದ್ದಲ್ಲಿಯೇ ಇಟ್ಟು, ಕಾಫಿ ಕುಡಿದು, ಮದುವೆಗೆ ತಪ್ಪದೆ ಬರಬೇಕೆಂದು ಎರಡು ಸಲ ಹೇಳಿ ಹೋದರು. ಮದುವೆಗೆ ಹೋಗಿದ್ದೆ. ಆ ವಿಷಯವನ್ನು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ. ಈಗ ಅವರಿಲ್ಲ.

* * *

ಧ್ವನಿಮುದ್ರಿಕೆಯ ಕಥೆ ಅಲ್ಲಿಗೇ ನಿಲ್ಲಲಿಲ್ಲ. 2011ರ ಮೇ 31ರಂದು ಅದು ಮತ್ತೊಮ್ಮೆ ಹೊರಬಂದಾಗ ಮೂಲದ ತಾಳ, ಮೂಲದ ಮಂದ್ರ ಎರಡನ್ನೂ ಮರಳಿ ಅದರ ಜಾಗದಲ್ಲಿ ಇರಿಸಿದ್ದರು. ಮೂಲ ನಾಡಾದ ಹಳೆಯ ಪಠ್ಯವೇ ಗೆದ್ದಿತು. ಜೊತೆಗೆ, ರೋಡ್ಸ್ ಒಬ್ಬನೇ ನುಡಿಸಿ ಬಿಟ್ಟಿದ್ದ ಒಂದು ತುಣುಕನ್ನು ಅವನ ಹೆಸರಿನ ಎರಡು ಮೊದಲಕ್ಷರಗಳನ್ನೇ ಶೀರ್ಷಿಕೆಯಾಗಿಟ್ಟು ಸೇರಿಸಿದ್ದರು. ನನ್ನ ಬಳಿಯಿರುವ ಎರಡನೆಯ ಸೀಡಿ ಅದೇ.

ಕರ್ಸ್‌ಲೇಕನಿಗೆ ಕೊನೆಗಾಲದಲ್ಲಿ ಅರ್ಬುದರೋಗ ಅಡರಿತು. ವ್ಯಾಜ್ಯದಲ್ಲಿ ಸೋತು ಬಹಳಷ್ಟನ್ನು ಕಳೆದುಕೊಂಡಿದ್ದ ಅವನಿಗೆ ಉಳಿದಿದ್ದ ಆಸೆ ಒಂದೇ. ಹೆಚ್ಚು ಮಾರಾಟವಾದ ಧ್ವನಿಮುದ್ರಿಕೆಗಳ ಕಲಾವಿದರಿಗೆ ಕೊಡುವ ಪ್ಲಾಟಿನಂ ಫಲಕ ತನ್ನ ಗೋಡೆಯ ಮೇಲೂ ಇರಬೇಕೆಂದು ಅವನು ಆಸ್ಬೋರ್ನ್ ದಂಪತಿಗಳಿಗೆ ಪತ್ರ ಬರೆದು ಕೇಳಿಕೊಂಡ. ಅವರು ಒಪ್ಪಿದರು. 2019ರ ಆರಂಭದಲ್ಲಿ ಎರಡೂ ಧ್ವನಿಮುದ್ರಿಕೆಗಳ ಫಲಕಗಳು ಅವನ ಕೈಸೇರಿದವು. ನಾಲ್ವತ್ತನೆಯ ವರ್ಷದ ನೆನಪಿಗೆ ಆ ಧ್ವನಿಮುದ್ರಿಕೆ ಇನ್ನೊಮ್ಮೆ ಹೊರಬಂದ 2020ರ ಸೆಪ್ಟೆಂಬರ್ ತಿಂಗಳಲ್ಲಿಯೇ, 19ನೆಯ ತಾರೀಖು, ಅವನು ತೀರಿಕೊಂಡ. ವಯಸ್ಸು ಎಪ್ಪತ್ತಮೂರು. ಆಸ್ಬೋರ್ನ್ 2025ರ ಜುಲೈ 22ರಂದು ತೀರಿಕೊಂಡ. ರೋಡ್ಸನಿಗೆ 2021ರಲ್ಲಿ ಅಮೆರಿಕದ ರಾಕ್ ಸಂಗೀತದ ಗೌರವಮಂದಿರದಲ್ಲಿ ಸ್ಥಾನ ದೊರೆಯಿತು.

ಒಂದು ಫಲಕದಿಂದ ಏನಾದೀತೆಂದು ನೀವು ಕೇಳಬಹುದು. ಹಣ ಬರಲಿಲ್ಲ, ಕಳೆದ ವರ್ಷಗಳೂ ಬರಲಿಲ್ಲ. ಆದರೆ ‘ಇದನ್ನು ನುಡಿಸಿದವನು ನೀನು’ ಎಂದು ಅಳಿಸಿದವರೇ ಬರೆದುಕೊಟ್ಟಂತಾಯಿತು. ಅದೂ ಅವನು ಬದುಕಿದ್ದಾಗಲೇ. ನಾನು ಆ ಕಾಲವನ್ನು ಮೀರಿದ್ದೇನೆ.

ಆದರೂ ಕೈಲಾದುದನ್ನು ಮಾಡಿದ್ದೇನೆ. ಆ ಮೇಷ್ಟ್ರ ಮಗಳಿಗೆ ನಡೆದುದೆಲ್ಲವನ್ನೂ ತಿಳಿಸಿ ಪತ್ರ ಬರೆದಿದ್ದೇನೆ. ಅವರ ತಂದೆಯ ಹೆಸರನ್ನು ಇಲ್ಲಿ ಪ್ರಕಟಿಸಲು ಒಪ್ಪಿಗೆ ಕೇಳಿದ್ದೇನೆ. ಉತ್ತರ ಬಂದ ದಿನ ಆ ಮೂವತ್ತು ಪುಟಗಳನ್ನು ಅವರ ಹೆಸರಿನೊಂದಿಗೆ ಇದೇ ತಾಣದಲ್ಲಿ ಹಾಕುತ್ತೇನೆ. ಅದುವರೆಗೆ, ಆ ಶಾಲೆಯಲ್ಲಿ ಓದಿದ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಸಂಚಿಕೆಯ ಎರಡನೆಯ ಮುದ್ರಣವಿದ್ದರೆ, ಚರಿತ್ರೆಯ ಲೇಖನದ ಪುಟವನ್ನು ತೆರೆಯಿರಿ. ಆ ಲೇಖನ ಯಾರದೆಂದು ನಿಮಗೆ ಗೊತ್ತು. ನಿಮಗೆ ಬೆಳಕಿನ ವಕ್ರೀಭವನವನ್ನ ಕಲಿಸಿದವರು ಅವರೇ. ‘ಸಂಪಾದಕ ಮಂಡಳಿ’ ಎಂಬುದನ್ನು ಹೊಡೆದುಹಾಕಿ, ಅವರ ಹೆಸರನ್ನು ಶಾಯಿಯಲ್ಲಿ ಬರೆಯಿರಿ. ಪುಸ್ತಕದಲ್ಲಿ ಗೀಚಬಾರದೆಂದು ನಿಮಗೆ ಜೀವಮಾನವಿಡೀ ಹೇಳಿದವನು ನಾನು. ಇದೊಂದು ಸಲ ಗೀಚಿ.

ಎಲ್ಲರಿಗೂ ಒಳ್ಳೆಯದಾಗಲಿ.

ಇಂತು ನಿಮ್ಮ ಮೇಷ್ಟ್ರು